ಪದವಿ ವಿದ್ಯಾರ್ಥಿಗಳಿಗೆ ಬೇಸಿಗೆ ಅವಧಿಯ ಸಮಾಜಶಾಸ್ತ್ರ ಕೋರ್ಸುಗಳು: ಅರ್ಜಿದಾರರ ಮಾಹಿತಿಗಾಗಿ

ಪದವಿ ತರಗತಿಗಳ ವಿದ್ಯಾರ್ಥಿಗಳು ಎರಡು ಶೈಕ್ಷಣಿಕ ವರ್ಷಗಳ ನಡುವಿನ ರಜೆಯಲ್ಲಿ ಸಮಾಜಶಾಸ್ತ್ರದ ಒಂದೆರಡು ಪತ್ರಿಕೆಗಳನ್ನು ಅಭ್ಯಾಸ ಮಾಡಿ, ಅವುಗಳ ಕ್ರೆಡಿಟ್ಟುಗಳನ್ನು ತಮ್ಮ ಪದವಿಗೆ ಸೇರಿಸಿಕೊಳ್ಳಲು ಇರುವ ಅವಕಾಶಗಳು, ಮಿತಿಗಳು ಹಾಗೂ ಅನುಸರಿಸಬೇಕಾದ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ. ರಾಜ್ಯದಲ್ಲಿ ಓದುತ್ತಿರುವ ವಿದ್ಯಾರ್ಥಿಗಳು, ಹೊರದೇಶದ ಬೇಸಿಗೆ ಶಾಲೆಗೆ ಹೋಗಬಯಸುವವರು ಮತ್ತು ಈಗಾಗಲೇ ಅಮೆರಿಕದಲ್ಲಿ ವ್ಯಾಸಂಗ ಮಾಡುತ್ತಿರುವ ಕನ್ನಡಿಗ ವಿದ್ಯಾರ್ಥಿಗಳು ಈ ಮಾಹಿತಿಯ ಪ್ರಯೋಜನ ಪಡೆಯಬಹುದು.

ಅರ್ಜಿ ಸಲ್ಲಿಸುವವರು ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಅಂಶವೊಂದಿದೆ. ಬೇಸಿಗೆ ಕೋರ್ಸನ್ನು ನಡೆಸುವ ಸಂಸ್ಥೆಯು ಪಾಠ ಹೇಳುತ್ತದೆ, ಪರೀಕ್ಷೆ ನಡೆಸುತ್ತದೆ, ಅಂಕಪಟ್ಟಿ ನೀಡುತ್ತದೆ. ಆದರೆ ಸದರಿ ಅಂಕಪಟ್ಟಿ ಪದವಿಯ ಲೆಕ್ಕಕ್ಕೆ ಸೇರುತ್ತದೆಯೇ ಇಲ್ಲವೇ ಎಂಬುದನ್ನು ನಿರ್ಧರಿಸುವ ಅಧಿಕಾರ ಇರುವುದು ವಿದ್ಯಾರ್ಥಿಯು ನೋಂದಣಿಯಾಗಿರುವ ಮೂಲ ವಿಶ್ವವಿದ್ಯಾನಿಲಯಕ್ಕೆ. ಶುಲ್ಕ ಪಾವತಿಸಿ, ಓದು ಮುಗಿಸಿ, ನಂತರ ಒಪ್ಪಿಗೆ ಕೇಳಲು ಹೋಗುವವರಿಗೆ ಹಣವೂ ಬೇಸಿಗೆಯೂ ಕಳೆದ ಮೇಲೆ ಬಾಕಿ ಪತ್ರಿಕೆ ಹಾಗೆಯೇ ಉಳಿಯುವ ಸಂಭವವಿರುತ್ತದೆ. ಆದ್ದರಿಂದ ಲಿಖಿತ ಒಪ್ಪಿಗೆ ಮೊದಲು, ಶುಲ್ಕ ನಂತರ ಎಂಬ ಕ್ರಮವನ್ನು ಪಾಲಿಸತಕ್ಕದ್ದು.

ಬೇಸಿಗೆ ಅವಧಿ ಎಂದರೇನು

ಬೇಸಿಗೆ ಅವಧಿ ಎಂಬುದು ಶೈಕ್ಷಣಿಕ ವರ್ಷದ ಎರಡು ಸೆಮಿಸ್ಟರುಗಳಿಗೆ ಹೊರತಾದ, ಕಡಿಮೆ ವಾರಗಳ ಪಾಠಾವಧಿ. ಇದರ ಮೂಲ ಇರುವುದು ಅಮೆರಿಕದಲ್ಲಿ. ಅಲ್ಲಿನ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಬೇಸಿಗೆ ಶಾಲೆ 1871ರಲ್ಲಿ ಆರಂಭವಾಯಿತು. 1892ರಲ್ಲಿ ಬಾಗಿಲು ತೆರೆದ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಮೊದಲ ಅಧ್ಯಕ್ಷರಾದ ವಿಲಿಯಂ ರೈನಿ ಹಾರ್ಪರ್ ಅವರು ವರ್ಷವನ್ನು ನಾಲ್ಕು ಕಾಲುಭಾಗಗಳನ್ನಾಗಿ ವಿಂಗಡಿಸಿ, ಬೇಸಿಗೆಯನ್ನೂ ಉಳಿದ ಮೂರರಂತೆಯೇ ಪೂರ್ಣ ಪಾಠಾವಧಿಯೆಂದು ಪರಿಗಣಿಸಿದರು. ಅದೇ ವರ್ಷ, ಅದೇ ವಿಶ್ವವಿದ್ಯಾನಿಲಯದಲ್ಲಿ ಆಲ್ಬಿಯನ್ ಸ್ಮಾಲ್ ಅವರ ನೇತೃತ್ವದಲ್ಲಿ ಸಮಾಜಶಾಸ್ತ್ರ ವಿಭಾಗವೂ ಸ್ಥಾಪನೆಯಾಯಿತು. ಹೀಗೆ ಬೇಸಿಗೆ ಅವಧಿ ಮತ್ತು ಸಮಾಜಶಾಸ್ತ್ರ ಎರಡೂ ಒಂದೇ ಅಂಗಳದಲ್ಲಿ ಒಟ್ಟಿಗೆ ಬೆಳೆದಿವೆ ಎನ್ನಬಹುದು. ಆ ಕಾಲದಲ್ಲಿ ಬೇಸಿಗೆ ತರಗತಿಗಳಿಗೆ ಹೆಚ್ಚಾಗಿ ಬರುತ್ತಿದ್ದವರು ಶಾಲಾ ಉಪಾಧ್ಯಾಯರು. ಉಳಿದ ತಿಂಗಳುಗಳಲ್ಲಿ ಅವರಿಗೆ ಬಿಡುವಿರುತ್ತಿರಲಿಲ್ಲ.

ಕರ್ನಾಟಕದಲ್ಲಿ 'ಬೇಸಿಗೆ' ಎಂಬ ಶಬ್ದವನ್ನು ಪಂಚಾಂಗದ ಅರ್ಥದಲ್ಲಿ ತೆಗೆದುಕೊಳ್ಳಬಾರದು. 2020ರ ಕೋವಿಡ್ ನಂತರ ಹಲವು ವಿಶ್ವವಿದ್ಯಾನಿಲಯಗಳ ವೇಳಾಪಟ್ಟಿ ಮುಂದಕ್ಕೆ ಸರಿದು, ಸಮಸಂಖ್ಯೆಯ ಸೆಮಿಸ್ಟರಿನ ಪಾಠವೋ ಪರೀಕ್ಷೆಯೋ ಏಪ್ರಿಲ್ ಮೇ ದಾಟಿ ಮುಂಗಾರಿನವರೆಗೂ ಹೋದ ವರ್ಷಗಳಿವೆ. ಅಂತಹ ವರ್ಷದಲ್ಲಿ ಬೇಸಿಗೆ ಅವಧಿಯೆಂದರೆ ಸಮಸಂಖ್ಯೆಯ ಸೆಮಿಸ್ಟರ್ ಮುಗಿದು ಮುಂದಿನ ವರ್ಷ ಆರಂಭವಾಗುವವರೆಗಿನ ಬಿಡುವು ಎಂದಷ್ಟೇ ಅರ್ಥ. ಹೊರದೇಶದ ಬೇಸಿಗೆ ಶಾಲೆಗಳು ಸಾಮಾನ್ಯವಾಗಿ ಮೇ ಕೊನೆಯಿಂದ ಆಗಸ್ಟ್ ನಡುವೆ ನಡೆಯುತ್ತವೆ. ಎರಡೂ ವೇಳಾಪಟ್ಟಿಗಳನ್ನು ಪಕ್ಕದಲ್ಲಿಟ್ಟು ನೋಡದೆ ಅರ್ಜಿ ಹಾಕಿದವರು, ಅಲ್ಲಿ ತರಗತಿ ನಡೆಯುವ ವಾರದಲ್ಲೇ ಇಲ್ಲಿ ಪರೀಕ್ಷೆ ಇರುವುದನ್ನು ಕೊನೆಯಲ್ಲಿ ಕಂಡುಕೊಳ್ಳಬೇಕಾಗುತ್ತದೆ.

ಗಂಟೆಗಳ ಲೆಕ್ಕ

ಬೇಸಿಗೆ ಕೋರ್ಸಿನಲ್ಲಿ ವಾರಗಳು ಕಡಿಮೆಯಾಗುತ್ತವೆ, ಪಾಠ ಕಡಿಮೆಯಾಗುವುದಿಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪದವಿ ಪಠ್ಯಕ್ರಮ ಮತ್ತು ಕ್ರೆಡಿಟ್ ಚೌಕಟ್ಟಿನ ಪ್ರಕಾರ ಉಪನ್ಯಾಸದ 1 ಕ್ರೆಡಿಟ್ಟಿಗೆ 15 ಗಂಟೆಗಳ ಬೋಧನೆ ಆಗಬೇಕು. ಪ್ರಾಯೋಗಿಕ ಅಥವಾ ಕ್ಷೇತ್ರಾಭ್ಯಾಸದ 1 ಕ್ರೆಡಿಟ್ಟಿಗೆ 30 ಗಂಟೆ. ಅಂದರೆ 4 ಕ್ರೆಡಿಟ್ಟಿನ ಸಮಾಜಶಾಸ್ತ್ರ ಪತ್ರಿಕೆಗೆ 60 ಗಂಟೆ. ಸದರಿ ಚೌಕಟ್ಟು ಬೇಸಿಗೆ ಅವಧಿಯನ್ನು 8 ವಾರವೆಂದು ಹೇಳುತ್ತದೆ. ಹೀಗಾಗಿ ಅದೇ ಪತ್ರಿಕೆಗೆ ವಾರಕ್ಕೆ ಏಳೂವರೆ ಗಂಟೆ ತರಗತಿಯಲ್ಲಿ ಕೂರಬೇಕು.

ಅಮೆರಿಕದ ಲೆಕ್ಕವೂ ಬಹುತೇಕ ಇಲ್ಲಿಗೇ ಬರುತ್ತದೆ. ಅಲ್ಲಿ 3 ಕ್ರೆಡಿಟ್ಟಿನ ಪತ್ರಿಕೆ ಸಾಮಾನ್ಯ ಸೆಮಿಸ್ಟರಿನಲ್ಲಿ 15 ವಾರ, ವಾರಕ್ಕೆ 3 ಗಂಟೆ. ಅದನ್ನು 6 ವಾರಕ್ಕೆ ಇಳಿಸಿದಾಗ ವಾರಕ್ಕೆ ಏಳೂವರೆ ಗಂಟೆಯಾಗುತ್ತದೆ. ಜೊತೆಗೆ ತರಗತಿಯ ಪ್ರತಿ ಗಂಟೆಗೆ ಹೊರಗೆ 2 ಗಂಟೆಯ ಓದು ಇರಬೇಕೆಂದು ಅಲ್ಲಿನ ಫೆಡರಲ್ ನಿಯಮವೇ ಹೇಳುವುದರಿಂದ, ವಿದ್ಯಾರ್ಥಿ ಒಂದೇ ಪತ್ರಿಕೆಗೆ ವಾರಕ್ಕೆ ಇಪ್ಪತ್ತೆರಡೂವರೆ ಗಂಟೆ ಮೀಸಲಿಡಬೇಕು. ಎರಡು ಪತ್ರಿಕೆ ತೆಗೆದುಕೊಂಡವರಿಗೆ 45 ಗಂಟೆ. ಅದು ಪೂರ್ಣಾವಧಿ ನೌಕರಿಗಿಂತ ಹೆಚ್ಚು. ರಜೆಯಲ್ಲಿ ಅಂಗಡಿಯಲ್ಲೋ ಕಚೇರಿಯಲ್ಲೋ ದುಡಿಯುತ್ತ ಎರಡು ಪತ್ರಿಕೆ ಮುಗಿಸಿಬಿಡುತ್ತೇನೆಂಬ ಯೋಜನೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಗೈರುಹಾಜರಿಯ ಪರಿಣಾಮವೂ ಬೇರೆಯೇ ಆಗಿರುತ್ತದೆ. 3 ವಾರದ ಕೋರ್ಸಿನಲ್ಲಿ 45 ಗಂಟೆಗಳನ್ನು 15 ದಿನಗಳಿಗೆ ಹಂಚಿದರೆ ದಿನಕ್ಕೆ 3 ಗಂಟೆ. ಅಲ್ಲಿ ಒಂದು ದಿನ ತಪ್ಪಿಸುವುದು ಸಾಮಾನ್ಯ ಸೆಮಿಸ್ಟರಿನಲ್ಲಿ ಒಂದು ವಾರ ತಪ್ಪಿಸಿದಂತೆ. ಮನೆಯಲ್ಲಿ ಮದುವೆ, ಊರಲ್ಲಿ ಜಾತ್ರೆ ಇರುವ ತಿಂಗಳುಗಳೂ ಇವೇ ಆಗಿರುವುದರಿಂದ ದಿನಾಂಕಗಳನ್ನು ಮನೆಯವರೊಂದಿಗೆ ಮೊದಲೇ ಮಾತನಾಡಿಕೊಳ್ಳುವುದು ಒಳಿತು.

ಯಾವ ಪತ್ರಿಕೆ ಬೇಸಿಗೆಗೆ ಹೊಂದುತ್ತದೆ

ಬೇಸಿಗೆಯಲ್ಲಿ ಸಾಮಾನ್ಯವಾಗಿ ನೀಡಲಾಗುವ ಸಮಾಜಶಾಸ್ತ್ರ ಕೋರ್ಸುಗಳೆಂದರೆ ಪರಿಚಯಾತ್ಮಕ ಸಮಾಜಶಾಸ್ತ್ರ, ಸಾಮಾಜಿಕ ಸಮಸ್ಯೆಗಳು, ಕುಟುಂಬ, ಅಪರಾಧ ಮತ್ತು ವಿಚಲನೆ, ಅಮೆರಿಕದಲ್ಲಾದರೆ ಜನಾಂಗ ಮತ್ತು ವರ್ಣಭೇದ, ಸಂಶೋಧನಾ ವಿಧಾನ, ಸಮಾಜವಿಜ್ಞಾನಕ್ಕೆ ಬೇಕಾದ ಸಂಖ್ಯಾಶಾಸ್ತ್ರ. ಇವೆಲ್ಲವೂ ಕಡಿಮೆ ವಾರಗಳ ಒತ್ತಡವನ್ನು ಸಮನಾಗಿ ತಾಳಿಕೊಳ್ಳುವುದಿಲ್ಲ.

ಪರಿಚಯಾತ್ಮಕ ಪತ್ರಿಕೆಗೆ ಅಂತಹ ನಷ್ಟವಿಲ್ಲ. ಸಂಖ್ಯಾಶಾಸ್ತ್ರಕ್ಕೆ ಕೆಲವೊಮ್ಮೆ ಲಾಭವೇ ಆಗುತ್ತದೆ. ನಿನ್ನೆ ಮಾಡಿದ ಲೆಕ್ಕ ಇಂದಿಗೂ ನೆನಪಿರುವಾಗಲೇ ಮುಂದಿನದು ಬರುತ್ತದೆ. ತೊಂದರೆ ಬರುವುದು ಸಿದ್ಧಾಂತದ ಪತ್ರಿಕೆಯಲ್ಲಿ. ಮಾರ್ಕ್ಸ್, ವೇಬರ್, ದುರ್ಖೈಮ್ ಮೂವರನ್ನೂ 6 ವಾರದಲ್ಲಿ ಓದುವವರಿಗೆ ಒಬ್ಬೊಬ್ಬರಿಗೆ ಎರಡೇ ವಾರ. ಆತ್ಮಹತ್ಯೆಯನ್ನು ವ್ಯಕ್ತಿಯ ಮನಸ್ಸಿನಿಂದಲ್ಲದೆ ಸಮಾಜದ ಬಂಧಗಳಿಂದ ವಿವರಿಸಿದ ದುರ್ಖೈಮ್ ಅವರ 1897ರ ಗ್ರಂಥವನ್ನು ಓದಿದವರಿಗೆ ಗೊತ್ತಿರುವಂತೆ, ಅದರ ವಾದ ಒಂದೇ ಓದಿಗೆ ಕೈಗೆ ಸಿಗುವಂಥದ್ದಲ್ಲ; ಓದಿ, ಒಂದಿಷ್ಟು ದಿನ ಬಿಟ್ಟು, ಮತ್ತೆ ತೆಗೆದಾಗ ತಿಳಿಯುತ್ತದೆ. ಆ ಬಿಡುವನ್ನು ಬೇಸಿಗೆ ಅವಧಿ ಕೊಡಲಾರದು. ಸಮಾಜಶಾಸ್ತ್ರದಲ್ಲಿ ಮುಂದೆ ಸ್ನಾತಕೋತ್ತರ ಪದವಿ ಮಾಡುವ ಇಚ್ಛೆಯುಳ್ಳವರು ಸಿದ್ಧಾಂತದ ಪತ್ರಿಕೆಯನ್ನು ಸಾಮಾನ್ಯ ಸೆಮಿಸ್ಟರಿಗೇ ಉಳಿಸಿಕೊಳ್ಳುವುದು ಸೂಕ್ತ. ಬಾಕಿ ಪತ್ರಿಕೆ ತೀರಿಸುವ ಅನಿವಾರ್ಯ ಇದ್ದವರ ಮಾತು ಬೇರೆ.

ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದುತ್ತಿರುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಹೊರಗಿನ ಸಂಸ್ಥೆಗಳ ಬೇಸಿಗೆ ಕೋರ್ಸುಗಳ ಓದುಪಟ್ಟಿ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ. ದಿನಕ್ಕೆ 40-50 ಪುಟ ಓದಬೇಕಾದ ಕಡೆ ಭಾಷೆಯ ತೊಡಕು ಗಂಟೆಗಳ ಲೆಕ್ಕವನ್ನು ಇನ್ನಷ್ಟು ಹಿಗ್ಗಿಸುತ್ತದೆ. ಅರ್ಜಿಗೆ ಮುನ್ನ ಓದುಪಟ್ಟಿಯನ್ನು ತರಿಸಿಕೊಂಡು ಒಂದು ಅಧ್ಯಾಯವನ್ನಾದರೂ ಓದಿ ನೋಡುವುದು ಉಪಯುಕ್ತ.

ಕ್ಷೇತ್ರಕಾರ್ಯ

ಬೇಸಿಗೆಯಲ್ಲಿ ಸಮಾಜಶಾಸ್ತ್ರದ ವಿದ್ಯಾರ್ಥಿಗೆ ನಿಜವಾಗಿ ದೊರೆಯುವ ಲಾಭ ಕ್ಷೇತ್ರಕಾರ್ಯದ್ದು. ಸೆಮಿಸ್ಟರಿನ ನಡುವೆ ಗಂಟೆಗೊಂದು ತರಗತಿ ಇರುವಾಗ ಒಂದು ಹಳ್ಳಿಯಲ್ಲೋ ಒಂದು ಬಡಾವಣೆಯಲ್ಲೋ ಸತತ ಹತ್ತು ದಿನ ಇರಲು ಆಗುವುದಿಲ್ಲ. ರಜೆಯಲ್ಲಿ ಆಗುತ್ತದೆ.

ಇದಕ್ಕೆ ಕರ್ನಾಟಕದಲ್ಲೇ ದೊಡ್ಡ ಮೇಲ್ಪಂಕ್ತಿಯಿದೆ. ಮೈಸೂರಿನಲ್ಲಿ 1916ರಲ್ಲಿ ಜನಿಸಿ, ಮಹಾರಾಜಾ ಕಾಲೇಜಿನಲ್ಲಿ ಓದಿದ ಎಂ.ಎನ್. ಶ್ರೀನಿವಾಸ್ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ 1948ರಲ್ಲಿ ಹಲವು ತಿಂಗಳು ವಾಸವಿದ್ದು ಅಧ್ಯಯನ ನಡೆಸಿದರು. 1952ರ ಬೇಸಿಗೆಯಲ್ಲಿ ಮತ್ತೆ ಅಲ್ಲಿಗೆ ಹೋದರು. ತಮ್ಮ ಬರಹಗಳಲ್ಲಿ ಆ ಹಳ್ಳಿಯನ್ನು ಅವರು ರಾಂಪುರ ಎಂದು ಕರೆದಿದ್ದಾರೆ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ನಡೆದ ಬೆಂಕಿ ಅನಾಹುತದಲ್ಲಿ ಅವರ ಸಂಸ್ಕರಿಸಿದ ಟಿಪ್ಪಣಿಗಳು ಸುಟ್ಟುಹೋದವು. ಹೆಚ್ಚಿನದನ್ನು ನೆನಪಿನಿಂದಲೇ ಬರೆದು 1976ರಲ್ಲಿ ಅವರು ಆ ಹಳ್ಳಿಯ ಕುರಿತ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದರು. ಹತ್ತು ದಿನದ ಶಿಬಿರಕ್ಕೆ ಹೋಗುವ ಪದವಿ ವಿದ್ಯಾರ್ಥಿಯಿಂದ ಇಂಥದ್ದನ್ನು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಮಾದರಿ ಪ್ರಶ್ನಾವಳಿ ತುಂಬಿಸಿಕೊಂಡು ಸಂಜೆಯ ಬಸ್ಸಿಗೆ ಮರಳುವುದಕ್ಕೂ, ಹಳ್ಳಿಯಲ್ಲೇ ಉಳಿದು ಜಗಲಿಯ ಮೇಲೆ ಕೂತು ಕೇಳಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಹತ್ತು ದಿನದಲ್ಲೂ ತಿಳಿಯುತ್ತದೆ.

ಬೇಸಿಗೆಯಲ್ಲಿ ಕಾಣುವ ಹಳ್ಳಿ ವರ್ಷವಿಡೀ ಇರುವ ಹಳ್ಳಿಯಲ್ಲ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಕಲ್ಯಾಣ ಕರ್ನಾಟಕದ ಒಣಭೂಮಿಯ ಊರುಗಳಲ್ಲಿ ಸುಗ್ಗಿಯ ನಂತರ ಅನೇಕ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿ ಕಡೆಗೆ ಗುಳೆ ಹೋಗಿರುತ್ತವೆ. ಮನೆಗೆ ಬೀಗ, ಇಲ್ಲವೇ ಮುದುಕರು ಮತ್ತು ಮಕ್ಕಳು ಮಾತ್ರ. ಆ ತಿಂಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿದ ವಿದ್ಯಾರ್ಥಿ, ಊರಿನಲ್ಲಿ ದುಡಿಯುವ ವಯಸ್ಸಿನವರೇ ಕಡಿಮೆ ಎಂದು ಬರೆದರೆ ಅದು ತಪ್ಪು. ಬೀಗ ಹಾಕಿದ ಮನೆಗಳ ಸಂಖ್ಯೆಯನ್ನೂ ಅವರು ಹೋದ ಊರನ್ನೂ ನೆರೆಯವರಿಂದ ಕೇಳಿ ದಾಖಲಿಸಿದರೆ ಅದೇ ಅಧ್ಯಯನದ ಮುಖ್ಯ ಭಾಗವಾಗುತ್ತದೆ. ಇದಕ್ಕೆ ಪ್ರತಿಯಾಗಿ ಯುಗಾದಿಯ ನಂತರದ ಜಾತ್ರೆಗೂ ಮದುವೆಗಳಿಗೂ ಹೊರಗೆ ನೆಲೆಸಿದವರು ಊರಿಗೆ ಬರುತ್ತಾರೆ. ಬಂಧುತ್ವ, ಜಾತಿವಾರು ಸೇವೆ, ಉಡುಗೊರೆ, ಊಟದ ಪಂಕ್ತಿ ಇವುಗಳನ್ನು ಅಭ್ಯಾಸ ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ರೋಹಿಣಿ ಮಳೆ ಬಿದ್ದು ಬಿತ್ತನೆಯ ಓಡಾಟ ಶುರುವಾದರೆ ಯಾರಿಗೂ ಮಾತಿಗೆ ಪುರುಸೊತ್ತಿರುವುದಿಲ್ಲ. ಕ್ಷೇತ್ರಕಾರ್ಯವನ್ನು ಅದಕ್ಕೆ ಮುನ್ನ ಮುಗಿಸುವುದು ವಾಡಿಕೆ.

ಪಂಚಾಯಿತಿ ಹಾಗೂ ತಾಲ್ಲೂಕು ಕಚೇರಿಯ ದಾಖಲೆಗಳನ್ನು ನೋಡಬೇಕಾದವರು ವೇಳೆಯನ್ನು ವಿಚಾರಿಸಿಕೊಳ್ಳಬೇಕು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಹಲವು ವರ್ಷಗಳ ಏಪ್ರಿಲ್ ಮೇ ತಿಂಗಳುಗಳಲ್ಲಿ ಬಿಸಿಲಿನ ಕಾರಣ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಯಿಸಲಾಗಿದೆ. ಮನೆಗಳ ಭೇಟಿಗೂ ಬೆಳಗಿನ ಹೊತ್ತು ಮತ್ತು ಸಂಜೆಯೇ ಸೂಕ್ತ. ಹೊತ್ತು ನೆತ್ತಿಗೇರಿದ ಮೇಲೆ ಹೋಗಿ ಮಲಗಿದವರನ್ನು ಎಬ್ಬಿಸಿ ಪ್ರಶ್ನೆ ಕೇಳುವುದು ಸಭ್ಯತೆಯೂ ಅಲ್ಲ, ಅದಕ್ಕೆ ಸರಿಯಾದ ಉತ್ತರವೂ ಸಿಗುವುದಿಲ್ಲ.

ಮಾಹಿತಿ ನೀಡುವವರ ಒಪ್ಪಿಗೆ ಕಡ್ಡಾಯವೆಂದು ಭಾವಿಸತಕ್ಕದ್ದು. ಕೈಯಲ್ಲಿ ನಮೂನೆ ಹಿಡಿದು ಜಾತಿ, ಆದಾಯ, ಜಮೀನು ಕೇಳುವ ಯುವಕ ಯುವತಿಯರನ್ನು ಜನರು ಸರ್ಕಾರದ ಗಣತಿದಾರರೆಂದು ತಿಳಿಯುವುದು ಸಹಜ. ಹೇಳಿದರೆ ಪಡಿತರ ಚೀಟಿ ರದ್ದಾದೀತೆಂಬ ಭಯದಿಂದ ಆದಾಯ ಕಡಿಮೆ ಹೇಳುವವರಿರುತ್ತಾರೆ. ಮನೆ ಮಂಜೂರಾದೀತೆಂಬ ಆಸೆಯಿಂದ ಕಷ್ಟವನ್ನು ಹೆಚ್ಚಿಸಿ ಹೇಳುವವರೂ ಇರುತ್ತಾರೆ. ತಾವು ಕಾಲೇಜಿನ ವಿದ್ಯಾರ್ಥಿಗಳು, ಈ ಮಾಹಿತಿಯಿಂದ ಯಾವ ಸವಲತ್ತೂ ಬರುವುದಿಲ್ಲ, ಹೋಗುವುದೂ ಇಲ್ಲ ಎಂಬುದನ್ನು ಪ್ರತಿ ಮನೆಯಲ್ಲಿಯೂ ಮೊದಲ ಮಾತಾಗಿ ತಿಳಿಸಬೇಕು. ಪ್ರಾಂಶುಪಾಲರ ಸಹಿಯಿರುವ ಪರಿಚಯ ಪತ್ರವನ್ನು ಗ್ರಾಮ ಪಂಚಾಯಿತಿಗೆ ನೀಡಿ ಹೊರಡುವುದು ಕ್ಷೇಮ. ವರದಿಯಲ್ಲಿ ಮನೆಯವರ ಹೆಸರು ಬರೆಯಬಾರದು.

ಭಾರತದಲ್ಲಿನ ನಿಯಮಗಳು

ಮೇಲೆ ಹೇಳಿದ 2022ರ ಚೌಕಟ್ಟು ಬೇಸಿಗೆ ಅವಧಿಗೆ ಎರಡು ಉಪಯೋಗಗಳನ್ನು ಹೇಳುತ್ತದೆ. ಮೊದಲನೆಯದು ಇಂಟರ್ನ್‌ಷಿಪ್, ಶಿಶಿಕ್ಷು ತರಬೇತಿ ಅಥವಾ ವೃತ್ತಿ ಆಧಾರಿತ ಕಲಿಕೆ. ಎರಡನೆಯದು, ಹೆಚ್ಚುವರಿ ಪತ್ರಿಕೆ ಓದುವವರಿಗೂ ಬಾಕಿ ಉಳಿಸಿಕೊಂಡವರಿಗೂ ನಿಯತ ಪತ್ರಿಕೆಗಳನ್ನೇ ವೇಗವಾಗಿ ಬೋಧಿಸುವುದು. ಆದರೆ ಯಾವ ಪತ್ರಿಕೆ ನೀಡಬೇಕೆಂಬುದನ್ನು ಅಧ್ಯಾಪಕರ ಲಭ್ಯತೆ ಮತ್ತು ವಿದ್ಯಾರ್ಥಿಗಳ ಸಂಖ್ಯೆ ನೋಡಿ ಸಂಸ್ಥೆಯೇ ತೀರ್ಮಾನಿಸುತ್ತದೆ. ಬೇಸಿಗೆಯಲ್ಲಿ ಸಮಾಜಶಾಸ್ತ್ರ ಬೋಧಿಸಲೇಬೇಕೆಂದು ವಿದ್ಯಾರ್ಥಿ ಹಕ್ಕಿನಿಂದ ಕೇಳುವಂತಿಲ್ಲ. ಒಂದೇ ಪತ್ರಿಕೆ ಬಾಕಿ ಇರುವ ವಿದ್ಯಾರ್ಥಿಗಳು ಒಟ್ಟಾಗಿ ಸಹಿ ಮಾಡಿ ವಿಭಾಗಕ್ಕೆ ಮನವಿ ಸಲ್ಲಿಸುವುದು ಒಬ್ಬೊಬ್ಬರೇ ಕೇಳುವುದಕ್ಕಿಂತ ಫಲಕಾರಿ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕಿದೆ. ಸದರಿ ಚೌಕಟ್ಟಿನಂತೆ ಮೊದಲ ವರ್ಷ ಮುಗಿಸಿ ಹೊರಹೋಗುವವರು 40 ಕ್ರೆಡಿಟ್ ಗಳಿಸಿದ್ದರೂ, ಪ್ರಮಾಣಪತ್ರ ಪಡೆಯಲು ಬೇಸಿಗೆಯಲ್ಲಿ 4 ಕ್ರೆಡಿಟ್ಟಿನ ವೃತ್ತಿ ಆಧಾರಿತ ಕೋರ್ಸು ಅಥವಾ ಇಂಟರ್ನ್‌ಷಿಪ್ ಮುಗಿಸಿರಬೇಕು. ಸಮಾಜಶಾಸ್ತ್ರದ ಸಾಮಾನ್ಯ ಪತ್ರಿಕೆಯನ್ನು ಬೇಸಿಗೆಯಲ್ಲಿ ಓದಿದರೆ ಈ ಷರತ್ತು ಪೂರೈಸಿದಂತಾಗುವುದಿಲ್ಲ. ಕ್ಷೇತ್ರಾಭ್ಯಾಸದ ಲೆಕ್ಕದಲ್ಲಿ 4 ಕ್ರೆಡಿಟ್ಟಿಗೆ 120 ಗಂಟೆ, ಅಂದರೆ ದಿನಕ್ಕೆ 8 ಗಂಟೆಯಂತೆ 15 ದಿನಗಳ ಕೆಲಸ ಬೇಕಾಗುತ್ತದೆ.

ಕರ್ನಾಟಕದ ವಿದ್ಯಾರ್ಥಿಗಳಿಗೆ ಪ್ರವೇಶ ಪಡೆದ ವರ್ಷ ಮುಖ್ಯ. ರಾಜ್ಯದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷಗಳ ಮಾದರಿ ಜಾರಿಗೆ ಬಂದಿತು. 2024ರ ಮೇ ತಿಂಗಳ ಸರ್ಕಾರಿ ಆದೇಶದ ಮೂಲಕ 2024-25ರಿಂದ ಮೂರು ವರ್ಷಗಳ ಪದವಿಯನ್ನು ಮರಳಿ ತರಲಾಯಿತು. ಹೀಗಾಗಿ ಒಂದೇ ಕಾಲೇಜಿನ ಹಿರಿಯ ಮತ್ತು ಕಿರಿಯ ವಿದ್ಯಾರ್ಥಿಗಳಿಗೆ ಬೇರೆ ಬೇರೆ ಪಠ್ಯಕ್ರಮ, ಬೇರೆ ಬೇರೆ ನಿಯಮ ಅನ್ವಯಿಸಬಹುದು. ಹಿರಿಯ ವಿದ್ಯಾರ್ಥಿ ಹೇಳಿದ್ದನ್ನು ನಂಬದೆ, ತಮ್ಮ ವರ್ಷದ ವಿನಿಯಮವನ್ನು ವಿಶ್ವವಿದ್ಯಾನಿಲಯದಿಂದ ಪಡೆದು ಓದುವುದು ಅಗತ್ಯ.

ಸ್ವಯಂ ವೇದಿಕೆ

ಕೇಂದ್ರ ಸರ್ಕಾರವು 2017ರಲ್ಲಿ ಲೋಕಾರ್ಪಣೆ ಮಾಡಿದ 'ಸ್ವಯಂ' ವೇದಿಕೆಯಲ್ಲಿ ಸಮಾಜಶಾಸ್ತ್ರದ ಕೋರ್ಸುಗಳಿವೆ. ನೋಂದಣಿಗೆ ಶುಲ್ಕವಿಲ್ಲ, ಪ್ರಮಾಣಪತ್ರಕ್ಕಾಗಿ ಪರೀಕ್ಷೆ ಬರೆಯುವವರು ಮಾತ್ರ ಪರೀಕ್ಷಾ ಶುಲ್ಕ ಪಾವತಿಸಬೇಕು. ಇದನ್ನು ಬೇಸಿಗೆ ಕೋರ್ಸೆಂದು ತಿಳಿಯುವವರಿದ್ದಾರೆ. ವಾಸ್ತವದಲ್ಲಿ ಅದು ಜನವರಿ ಮತ್ತು ಜುಲೈ ಎಂಬ ಎರಡು ಸರಣಿಗಳಲ್ಲಿ ನಡೆಯುತ್ತದೆ. ರಜೆಯಲ್ಲಿ ಉಪನ್ಯಾಸಗಳನ್ನು ನೋಡಿ ತಯಾರಾಗಿ, ಜುಲೈ ಸರಣಿಗೆ ನೋಂದಾಯಿಸಿಕೊಳ್ಳುವುದು ಕೈಲಾಗುವ ದಾರಿ. 2021ರ ವಿನಿಯಮದಂತೆ ಒಂದು ಸೆಮಿಸ್ಟರಿನಲ್ಲಿ ನೀಡಲಾಗುವ ಒಟ್ಟು ಕೋರ್ಸುಗಳ ಶೇಕಡಾ 40ರವರೆಗೆ ಸ್ವಯಂ ಮೂಲಕ ಪೂರೈಸಲು ಸಂಸ್ಥೆಯು ಅವಕಾಶ ನೀಡಬಹುದು. 2016ರ ವಿನಿಯಮದಲ್ಲಿ ಈ ಮಿತಿ ಶೇಕಡಾ 20 ಇತ್ತು.

ಗಳಿಸಿದ ಕ್ರೆಡಿಟ್ಟುಗಳು 2021ರಲ್ಲಿ ಸ್ಥಾಪಿತವಾದ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನಲ್ಲಿ ಜಮೆಯಾಗುತ್ತವೆ. ಡಿಜಿಲಾಕರ್ ಮೂಲಕ ವಿದ್ಯಾರ್ಥಿ ಖಾತೆ ತೆರೆಯಬಹುದು, ಆದರೆ ಕ್ರೆಡಿಟ್ಟನ್ನು ತಾನೇ ಜಮೆ ಮಾಡಲು ಬರುವುದಿಲ್ಲ. ಬ್ಯಾಂಕು ವಿದ್ಯಾರ್ಥಿಯ ಕೈಯಿಂದ ಅಂಕಪಟ್ಟಿ ಸ್ವೀಕರಿಸುವುದಿಲ್ಲ. ಕೋರ್ಸು ನಡೆಸಿದ ಅಧಿಕೃತ ಸಂಸ್ಥೆಯೇ ಮಾಹಿತಿ ಕಳುಹಿಸಬೇಕು. ಆದ್ದರಿಂದ ಬೇಸಿಗೆ ಕೋರ್ಸು ನಡೆಸುವ ಸಂಸ್ಥೆ ಕ್ರೆಡಿಟ್ ಬ್ಯಾಂಕಿನಲ್ಲಿ ನೋಂದಾಯಿತವೇ ಎಂದು ಮೊದಲು ಕೇಳಿ. ಜಮೆಯಾದ ಕ್ರೆಡಿಟ್ಟಿಗೆ ಗರಿಷ್ಠ 7 ವರ್ಷ ಮಾನ್ಯತೆ. ಪದವಿ ನೀಡುವ ಸಂಸ್ಥೆಯಲ್ಲಿಯೇ ಕನಿಷ್ಠ ಶೇಕಡಾ 50ರಷ್ಟು ಕ್ರೆಡಿಟ್ ಗಳಿಸಿರಬೇಕು.

ಹೊರದೇಶದ ಬೇಸಿಗೆ ಶಾಲೆಗಳು

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ 3, 6, 8 ಮತ್ತು 10 ವಾರಗಳ ಬೇಸಿಗೆ ಅವಧಿಗಳಿವೆ. ಅಲ್ಲಿನ ಪದವಿಗೆ ಪ್ರವೇಶ ಪಡೆಯದ, ಹೊರದೇಶದ ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳಲಾಗುತ್ತದೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸಂಸ್ಥೆಯ ಬೇಸಿಗೆ ಶಾಲೆ 1989ರಿಂದ ನಡೆಯುತ್ತಿದ್ದು, ಅದು 3 ವಾರಗಳ ತಂಡಗಳಲ್ಲಿ ನಡೆಯುತ್ತದೆ. ಇಂತಹ ಶಾಲೆಗಳಿಗೆ ಪ್ರವೇಶ ದೊರೆಯುವುದು, ಅದೇ ವಿಶ್ವವಿದ್ಯಾನಿಲಯದ ಪದವಿಗೆ ಪ್ರವೇಶ ದೊರೆಯುವುದಕ್ಕಿಂತ ಬಹಳ ಸುಲಭ. ಬೇಸಿಗೆ ಶಾಲೆಯ ಪ್ರಮಾಣಪತ್ರವನ್ನು ಆ ವಿಶ್ವವಿದ್ಯಾನಿಲಯದ ಪದವಿಗೆ ಸಮವೆಂದು ಬಿಂಬಿಸುವ ಮಧ್ಯವರ್ತಿಗಳ ಮಾತಿಗೆ ಪೋಷಕರು ಮರುಳಾಗಬಾರದು.

ವೀಸಾ ವಿಷಯದಲ್ಲಿ ಎರಡು ದೇಶಗಳ ನಿಯಮ ಬೇರೆ. ಬ್ರಿಟನ್ನಿನಲ್ಲಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ 6 ತಿಂಗಳವರೆಗಿನ ಓದಿಗೆ ಸಂದರ್ಶಕ ವೀಸಾ ಸಾಕಾಗುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಪ್ರವಾಸಿ ವೀಸಾದ ಮೇಲೆ ಹೋಗಿ ಪದವಿಗೆ ಕ್ರೆಡಿಟ್ ದೊರೆಯುವ ಕೋರ್ಸಿಗೆ ಸೇರುವಂತಿಲ್ಲ. ಅಕ್ಕನ ಮನೆಗೋ ಮಾವನ ಮನೆಗೋ ಬೇಸಿಗೆಗೆ ಹೋದಾಗ ಪಕ್ಕದ ಕಾಲೇಜಿನಲ್ಲಿ ಒಂದು ಪತ್ರಿಕೆ ಓದಿಬಿಡೋಣ ಎಂಬ ಆಲೋಚನೆ ಸಹಜವಾದರೂ ನಿಯಮಬಾಹಿರ; ಮುಂದಿನ ವೀಸಾ ಅರ್ಜಿಗೆ ಅದು ಅಡ್ಡಿಯಾಗಬಹುದು. ಅಂಥವರು ಕಾಲೇಜಿನಿಂದ ಐ-20 ನಮೂನೆ ಪಡೆದು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಸಲ್ಲಿಸಬೇಕು. ವೀಸಾ ಸಂದರ್ಶನಕ್ಕೆ ಕಾಯಬೇಕಾದ ದಿನಗಳನ್ನು ಲೆಕ್ಕ ಹಾಕಿ, ಜೂನಿನ ಕೋರ್ಸಿಗೆ ಹಿಂದಿನ ಚಳಿಗಾಲದಲ್ಲೇ ತಯಾರಿ ಆರಂಭಿಸುವುದು ಒಳ್ಳೆಯದು.

ಈಗಾಗಲೇ ಎಫ್-1 ವೀಸಾದ ಮೇಲೆ ಓದುತ್ತಿರುವವರಿಗೆ, ಒಂದು ಶೈಕ್ಷಣಿಕ ವರ್ಷ ಮುಗಿಸಿ ಮುಂದಿನ ಅವಧಿಗೆ ಮರಳುವ ಉದ್ದೇಶವಿದ್ದಲ್ಲಿ, ಬೇಸಿಗೆ ವಾರ್ಷಿಕ ರಜೆಯಾಗಿದ್ದು ಓದಲೇಬೇಕೆಂಬ ಕಡ್ಡಾಯವಿಲ್ಲ. ಬೇಸಿಗೆಯೇ ಮೊದಲ ಅವಧಿಯಾದವರು ಮಾತ್ರ ಪೂರ್ಣ ಪ್ರಮಾಣದ ಕೋರ್ಸುಗಳಿಗೆ ಸೇರಬೇಕು. ಅಲ್ಲಿನ ಅನೇಕ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಸಮೀಪದ ಸಮುದಾಯ ಕಾಲೇಜಿನಲ್ಲಿ ಪರಿಚಯಾತ್ಮಕ ಸಮಾಜಶಾಸ್ತ್ರ ಓದುತ್ತಾರೆ, ಏಕೆಂದರೆ ಶುಲ್ಕ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ಯಾವ ಸಮುದಾಯ ಕಾಲೇಜಿನ ಯಾವ ಕೋರ್ಸು ರಾಜ್ಯದ ಯಾವ ವಿಶ್ವವಿದ್ಯಾನಿಲಯದ ಕೋರ್ಸಿಗೆ ಸಮ ಎಂಬುದನ್ನು 'ಅಸಿಸ್ಟ್' ಎಂಬ ಸಾರ್ವಜನಿಕ ತಾಣದಲ್ಲಿ ನೋಡಬಹುದು. ಕ್ರೆಡಿಟ್ ವರ್ಗಾವಣೆಯಾದರೂ ಗಳಿಸಿದ ಶ್ರೇಣಿ ಸರಾಸರಿಗೆ ಸೇರದಿರಬಹುದು. ಸರಾಸರಿ ಹೆಚ್ಚಿಸಿಕೊಳ್ಳಲೆಂದು ಸೇರುವವರು ಇದನ್ನು ಕೇಳಿ ತಿಳಿಯಬೇಕು.

ಭಾರತದ ವಿಶ್ವವಿದ್ಯಾನಿಲಯವೊಂದು ಹೊರದೇಶದ ಕ್ರೆಡಿಟ್ ಒಪ್ಪಲು ಸಾಮಾನ್ಯವಾಗಿ ಎರಡು ಸಂಸ್ಥೆಗಳ ನಡುವೆ ಒಪ್ಪಂದವಿರಬೇಕಾಗುತ್ತದೆ. 2022ರ ಮೇ ತಿಂಗಳ ಆಯೋಗದ ವಿನಿಯಮವು ಅವಳಿ ಕಾರ್ಯಕ್ರಮಗಳಲ್ಲಿ ಹೊರದೇಶದ ಸಂಸ್ಥೆಯಲ್ಲಿ ಶೇಕಡಾ 30 ಮೀರದಂತೆ ಕ್ರೆಡಿಟ್ ಗಳಿಸಲು ಅವಕಾಶ ನೀಡಿದೆ. ಒಪ್ಪಂದವಿಲ್ಲದ ಸಂಸ್ಥೆಯಲ್ಲಿ ತನ್ನಷ್ಟಕ್ಕೆ ಓದಿ ಬಂದವರ ಕೋರ್ಸು ಜ್ಞಾನಕ್ಕೆ ಒದಗುತ್ತದೆ, ಮುಂದಿನ ಅರ್ಜಿಗಳಲ್ಲಿ ನಮೂದಿಸಲು ಬರುತ್ತದೆ. ಪದವಿಗೆ ಸೇರುತ್ತದೆಂಬ ಖಾತರಿಯಿಲ್ಲ. ಲಕ್ಷಾಂತರ ರೂಪಾಯಿ ಸಾಲ ಮಾಡುವ ಮುನ್ನ ಕುಟುಂಬಗಳು ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಅರಿತಿರಬೇಕು.

ಪೂರ್ವಾನುಮತಿಗೆ ಅರ್ಜಿ

ಅರ್ಜಿಯನ್ನು ಪ್ರಾಂಶುಪಾಲರ ಮೂಲಕ ವಿಶ್ವವಿದ್ಯಾನಿಲಯದ ಕುಲಸಚಿವರಿಗೆ ಸಲ್ಲಿಸಬೇಕು. ಪತ್ರಿಕೆಗಳ ಸಮಾನತೆಯನ್ನು ಸಾಮಾನ್ಯವಾಗಿ ಸಮಾಜಶಾಸ್ತ್ರ ಅಧ್ಯಯನ ಮಂಡಳಿ ಪರಿಶೀಲಿಸುತ್ತದೆ. ಅರ್ಜಿಯೊಡನೆ ಬೇಸಿಗೆ ಕೋರ್ಸಿನ ವಿವರವಾದ ಪಠ್ಯಕ್ರಮ, ಒಟ್ಟು ಬೋಧನಾ ಗಂಟೆ, ಕ್ರೆಡಿಟ್, ಮೌಲ್ಯಮಾಪನದ ಕ್ರಮ, ಸಂಸ್ಥೆಯ ಮಾನ್ಯತೆಯ ದಾಖಲೆ ಮತ್ತು ತಮ್ಮ ಇತ್ತೀಚಿನ ಅಂಕಪಟ್ಟಿಯ ಪ್ರತಿ ಲಗತ್ತಿಸಬೇಕು. ಪಠ್ಯಕ್ರಮವೆಂದರೆ ಕರಪತ್ರದ ನಾಲ್ಕು ಸಾಲಲ್ಲ; ವಾರವಾರದ ಪಾಠ ಮತ್ತು ಓದುಪಟ್ಟಿ ಇರಬೇಕು. ಅರ್ಜಿಗಳು ಹಿಂದಿರುಗುವುದು ಬಹಳ ಸಲ ಇದೊಂದೇ ಕಾರಣಕ್ಕೆ.

ಯಾವ ಪತ್ರಿಕೆಗೆ ಬದಲಾಗಿ ಈ ಕೋರ್ಸನ್ನು ಪರಿಗಣಿಸಬೇಕೆಂದು ಪತ್ರಿಕೆಯ ಸಂಕೇತ ಸಂಖ್ಯೆ ಸಹಿತ ಬರೆಯಬೇಕು. "ಸೂಕ್ತ ಪತ್ರಿಕೆಗೆ ಪರಿಗಣಿಸಿ" ಎಂದು ಬರೆದಲ್ಲಿ ಅದು ಮುಕ್ತ ಆಯ್ಕೆಯ ಪತ್ರಿಕೆಗೆ ಸೇರಿ, ಕಡ್ಡಾಯ ಪತ್ರಿಕೆ ಬಾಕಿಯೇ ಉಳಿಯಬಹುದು. ಉತ್ತರವನ್ನು ಲಿಖಿತವಾಗಿ, ದಿನಾಂಕ ಮತ್ತು ಸಹಿ ಸಮೇತ ಪಡೆಯತಕ್ಕದ್ದು. ಅಧ್ಯಾಪಕರೊಬ್ಬರು ಬಾಯಿಮಾತಿನಲ್ಲಿ "ಆಗುತ್ತದೆ, ಹೋಗಿ ಬಾ" ಎಂದು ಹೇಳಿದ್ದು ಅವರ ಸದಾಶಯವಷ್ಟೆ, ಅನುಮತಿಯಲ್ಲ. ಅರ್ಜಿ ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆದು ಇಟ್ಟುಕೊಳ್ಳಬೇಕು. ಕೋರ್ಸು ಮುಗಿದ ನಂತರ ಅಧಿಕೃತ ಅಂಕಪಟ್ಟಿಯನ್ನು ನಡೆಸಿದ ಸಂಸ್ಥೆಯಿಂದಲೇ ನೇರವಾಗಿ ಕಳುಹಿಸಿಕೊಡುವಂತೆ ಕೋರಬೇಕು. ಅಂತಿಮ ಸೆಮಿಸ್ಟರಿನ ವಿದ್ಯಾರ್ಥಿಗಳಿಗೆ ಇದು ಮುಖ್ಯ, ಏಕೆಂದರೆ ಸ್ನಾತಕೋತ್ತರ ಪ್ರವೇಶದ ಕೊನೆಯ ದಿನಾಂಕ ಯಾರಿಗಾಗಿಯೂ ಕಾಯುವುದಿಲ್ಲ.

ಅನುಮತಿ ನಿರಾಕರಿಸಲ್ಪಟ್ಟಲ್ಲಿ ಅಥವಾ ಉತ್ತರ ಬಾರದಿದ್ದಲ್ಲಿ

ಅನುಮತಿ ಇದ್ದೂ ಕ್ರೆಡಿಟ್ ಸೇರಿಸದಿದ್ದಲ್ಲಿ ವಿದ್ಯಾರ್ಥಿಯು ಸಂಸ್ಥೆಯ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ ದೂರು ನೀಡಬಹುದು. 2023ರ ಏಪ್ರಿಲಿನ ಆಯೋಗದ ವಿನಿಯಮದಂತೆ ಸಮಿತಿಯು ದೂರು ಸ್ವೀಕರಿಸಿದ 15 ಕೆಲಸದ ದಿನಗಳೊಳಗೆ ವರದಿ ನೀಡಬೇಕು. ಅದರಿಂದ ತೃಪ್ತಿಯಾಗದವರು ತೀರ್ಮಾನ ತಲುಪಿದ 15 ದಿನಗಳೊಳಗೆ ವಿಶ್ವವಿದ್ಯಾನಿಲಯದ ಒಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಬಹುದು. ಕಾರಣ ತಿಳಿಸದೆ ಅರ್ಜಿಯನ್ನು ತಿರಸ್ಕರಿಸಿದ್ದಲ್ಲಿ, ರಾಜ್ಯದ ವಿಶ್ವವಿದ್ಯಾನಿಲಯಗಳು ಮಾಹಿತಿ ಹಕ್ಕು ಅಧಿನಿಯಮ 2005ರ ವ್ಯಾಪ್ತಿಗೆ ಬರುವುದರಿಂದ, ಅಧ್ಯಯನ ಮಂಡಳಿಯ ಸಂಬಂಧಿತ ನಡಾವಳಿಯ ಪ್ರತಿಯನ್ನು 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಪಡೆಯಬಹುದು. ಮಾಹಿತಿ ನೀಡಲು 30 ದಿನಗಳ ಕಾಲಾವಕಾಶವಿದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ, 150 ಪದಗಳ ಮಿತಿಯೊಳಗಿರಬೇಕು.